ಕಾಯಿಲೆ ಹಾಗೇ ಇತ್ತು, ಬದುಕು ಬದಲಾಯಿತು

ದಶಕಗಳ ಕಾಲ ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲೇ ದಿನ ದೂಡಿದವರು ಸಾಮಾನ್ಯ ಬೀದಿಯ ಸಾಮಾನ್ಯ ಮನೆಯೊಂದಕ್ಕೆ ಬಂದರೆ ಅವರ ಬಾಳು ಹೇಗಿರುತ್ತದೆ? ಲಂಡನ್ನಿನಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿದೆ. ಆ ಉತ್ತರ ಕರ್ನಾಟಕಕ್ಕೂ ಬೇಕು.

ಉತ್ತರ ಲಂಡನ್ನಿನಲ್ಲಿ ಪ್ರಿನ್ಸೆಸ್ ಪಾರ್ಕ್ ಮ್ಯಾನರ್ ಎಂಬ ವಸತಿ ಸಮುಚ್ಚಯವಿದೆ. ಅರಮನೆಯಂಥ ಉದ್ದನೆಯ ಮುಂಭಾಗ, ನಡುವೆ ಗುಮ್ಮಟ, ಸುತ್ತ ಹುಲ್ಲುಹಾಸು. ಒಳಗೆ ಉಳ್ಳವರು ಮಾತ್ರ ಕೊಳ್ಳಬಹುದಾದ ಫ್ಲ್ಯಾಟುಗಳು. ಈ ಕಟ್ಟಡಕ್ಕೆ 1849ರಲ್ಲಿ ಅಡಿಗಲ್ಲು ಹಾಕಿದವನು ವಿಕ್ಟೋರಿಯಾ ರಾಣಿಯ ಪತಿ ಪ್ರಿನ್ಸ್ ಆಲ್ಬರ್ಟ್. 1851ರಲ್ಲಿ ಬಾಗಿಲು ತೆರೆದಾಗ ಇದು ಕೋಲ್ನಿ ಹ್ಯಾಚ್ ಎಂಬ ಹುಚ್ಚಾಸ್ಪತ್ರೆ. ಮುಂದೆ ಫ್ರೈಯರ್ನ್ ಆಸ್ಪತ್ರೆ ಎಂದು ಹೆಸರು ಬದಲಾಯಿತು. ಒಂದು ಕಾಲದಲ್ಲಿ ಎರಡೂವರೆ ಸಾವಿರ ರೋಗಿಗಳು ಇಲ್ಲಿದ್ದರು. ಮನಸ್ಸಿನ ಕಾಯಿಲೆ ಬಂದವರನ್ನು ಊರಿನ ಗದ್ದಲದಿಂದ ದೂರ ಇಟ್ಟು, ಹೊತ್ತಿಗೆ ಊಟ ಕೊಟ್ಟು ನೋಡಿಕೊಳ್ಳುವುದೇ ಅವರಿಗೆ ಮಾಡುವ ಉಪಕಾರ ಎಂದು ನಂಬಿದ್ದ ಕಾಲದ ಕಟ್ಟಡ ಅದು.

1983ರಲ್ಲಿ ಫ್ರೈಯರ್ನ್ ಮತ್ತು ಅದೇ ಭಾಗದ ಕ್ಲೇಬರಿ ಆಸ್ಪತ್ರೆಗಳೆರಡನ್ನೂ ಮುಚ್ಚುವ ತೀರ್ಮಾನವಾಯಿತು. ರೋಗಿಗಳನ್ನು ಊರೊಳಗಿನ ಸಣ್ಣಸಣ್ಣ ಮನೆಗಳಿಗೆ ಕಳಿಸುವುದು, ಅಲ್ಲಿ ಸಿಬ್ಬಂದಿಯ ನೆರವು ಕೊಡುವುದು ಯೋಜನೆ. ಸುದ್ದಿ ಹಬ್ಬಿದ ಕೂಡಲೇ ಆತಂಕವೂ ಹಬ್ಬಿತು. ಇಪ್ಪತ್ತು ಮೂವತ್ತು ವರ್ಷ ವಾರ್ಡಿನಲ್ಲೇ ಇದ್ದವರು ಹೊರಗೆ ಬದುಕಿಯಾರೇ? ಬೀದಿಪಾಲಾಗುವುದಿಲ್ಲವೇ? ಯಾರಿಗಾದರೂ ಏನಾದರೂ ಮಾಡಿಬಿಟ್ಟರೆ? ಪ್ರಶ್ನೆಗಳು ಸುಳ್ಳಾಗಿರಲಿಲ್ಲ, ಅವುಗಳಿಗೆ ಉತ್ತರ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಮನೋವೈದ್ಯ ಜೂಲಿಯನ್ ಲೆಫ್ 1985ರಲ್ಲಿ ಒಂದು ತಂಡ ಕಟ್ಟಿದರು. ಟ್ಯಾಪ್ಸ್ ಎಂದು ಹೆಸರಾದ ಈ ತಂಡ ಎರಡೂ ಆಸ್ಪತ್ರೆಗಳಿಂದ ಹೊರಟ ಸುಮಾರು 670 ಮಂದಿ ದೀರ್ಘಕಾಲದ ರೋಗಿಗಳ ಬೆನ್ನುಹತ್ತಿತು. ಆಸ್ಪತ್ರೆಯಲ್ಲಿದ್ದಾಗ ಒಮ್ಮೆ, ಹೊರಗೆ ಬಂದು ಒಂದು ವರ್ಷವಾದಾಗ ಒಮ್ಮೆ, ಐದು ವರ್ಷವಾದಾಗ ಮತ್ತೊಮ್ಮೆ ಅವರನ್ನು ಕಂಡು ಮಾತಾಡಿಸಿತು.

ಕಂಡದ್ದೇನು? ಕಾಯಿಲೆಯ ಮುಖ್ಯ ಲಕ್ಷಣಗಳು ಹೆಚ್ಚುಕಡಿಮೆ ಇದ್ದ ಹಾಗೇ ಇದ್ದವು. ಯಾರೂ ಇಲ್ಲದಾಗಲೂ ದನಿ ಕೇಳಿಸುತ್ತಿದ್ದವರಿಗೆ ಅದು ಕೇಳಿಸುತ್ತಲೇ ಇತ್ತು. ಯಾರೋ ತನ್ನ ಮೇಲೆ ಸಂಚು ನಡೆಸಿದ್ದಾರೆ ಎನ್ನುವವರ ಅನುಮಾನ ಕರಗಿರಲಿಲ್ಲ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಐದು ವರ್ಷಗಳಲ್ಲಿ ಒಮ್ಮೆಯಾದರೂ ಮತ್ತೆ ಆಸ್ಪತ್ರೆಗೆ ದಾಖಲಾಗಬೇಕಾಯಿತು. ಇಷ್ಟನ್ನೇ ಓದಿದರೆ ಇಡೀ ಪ್ರಯತ್ನ ವ್ಯರ್ಥ ಎನಿಸಬಹುದು.

ಆದರೆ ಅದೇ ಜನರ ದಿನಚರಿ ಬೇರೆಯೇ ಆಗಿತ್ತು. ಅಡುಗೆ, ಬಟ್ಟೆ ಒಗೆಯುವುದು, ಅಂಗಡಿಗೆ ಹೋಗಿ ಸಾಮಾನು ತರುವುದು, ಬಸ್ಸು ಹಿಡಿಯುವುದು ಮುಂತಾದ ಮರೆತ ಕೆಲಸಗಳು ಕೈಗೆ ಮರಳಿದ್ದವು. ಮಂಕಾಗಿ ಒಂದೆಡೆ ಕೂತುಬಿಡುವ ಸ್ವಭಾವ ಕಡಿಮೆಯಾಗಿತ್ತು. ‘ಗೆಳೆಯ’ ‘ಗೆಳತಿ’ ಎಂದು ಹೆಸರಿಸಬಹುದಾದವರು ಹೆಚ್ಚಿದ್ದರು, ಮನಸ್ಸಿನ ಮಾತು ಹೇಳಿಕೊಳ್ಳಲು ಒಬ್ಬರು ಸಿಕ್ಕಿದ್ದರು. ಬೀದಿಪಾಲಾದವರ ಸಂಖ್ಯೆ ಬೆರಳೆಣಿಕೆಯಷ್ಟು. ಜನ ಹೆದರಿದ್ದ ಹಿಂಸೆ, ಅಪರಾಧಗಳು ತೀರಾ ವಿರಳ. ಈಗಿರುವ ಮನೆಯಲ್ಲೇ ಇರುತ್ತೀರಾ ಎಂದು ಕೇಳಿದಾಗ ಹೌದು ಎಂದವರು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು.

ಈ ಫಲಿತಾಂಶದ ತಿರುಳು ನಮ್ಮ ರೂಢಿಯ ಯೋಚನೆಯನ್ನೇ ತಲೆಕೆಳಗು ಮಾಡುತ್ತದೆ. ‘ಮೊದಲು ಪೂರ್ತಿ ಗುಣವಾಗಲಿ, ಆಮೇಲೆ ಮನೆಗೆ ಕರೆದುಕೊಂಡು ಹೋಗೋಣ’ ಎನ್ನುತ್ತೇವೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಎಷ್ಟೋ ಮಂದಿಗೆ ಆ ‘ಪೂರ್ತಿ’ ಎಂಬ ದಿನ ಬರುವುದೇ ಇಲ್ಲ. ಕಾಯುತ್ತ ಕೂತರೆ ಆಯುಷ್ಯವೇ ವಾರ್ಡಿನಲ್ಲಿ ಮುಗಿಯುತ್ತದೆ. ಕಾಯಿಲೆ ಜೊತೆಗಿದ್ದರೂ ನೆಮ್ಮದಿಯ ಬಾಳು ಸಾಧ್ಯ, ಅದಕ್ಕೆ ಬೇಕಾದದ್ದು ಔಷಧದ ಜೊತೆಗೊಂದು ಮನೆ ಎಂಬುದನ್ನು ಫ್ರೈಯರ್ನ್ ಮತ್ತು ಕ್ಲೇಬರಿಯಿಂದ ಹೊರಬಂದವರು ಬದುಕಿ ತೋರಿಸಿದರು.

ವಾರ್ಡು ಕಸಿದುಕೊಳ್ಳುವುದು ಏನನ್ನು?

ದೊಡ್ಡ ಆಸ್ಪತ್ರೆಗಳಲ್ಲಿ ದಶಕಗಟ್ಟಲೆ ಇದ್ದವರ ಮಂಕುತನಕ್ಕೆ ಕಾಯಿಲೆಯೊಂದೇ ಕಾರಣ ಎಂದು ಬಹುಕಾಲ ನಂಬಲಾಗಿತ್ತು. 1959ರಲ್ಲಿ ಬ್ರಿಟಿಷ್ ಮನೋವೈದ್ಯ ರಸೆಲ್ ಬಾರ್ಟನ್ ಈ ನಂಬಿಕೆಯನ್ನು ಪ್ರಶ್ನಿಸಿ ಪುಸ್ತಕ ಬರೆದರು. ಬಗ್ಗಿದ ಬೆನ್ನು, ಎಳೆದು ಹಾಕುವ ಹೆಜ್ಜೆ, ಯಾವುದರಲ್ಲೂ ಆಸಕ್ತಿ ಇಲ್ಲದ ನೋಟ, ಹೇಳಿದ್ದಕ್ಕೆಲ್ಲ ತಲೆಯಾಡಿಸುವ ವಿಧೇಯತೆ ಇವುಗಳಲ್ಲಿ ದೊಡ್ಡ ಪಾಲು ಆಸ್ಪತ್ರೆಯೇ ತಂದಿಟ್ಟ ಇನ್ನೊಂದು ಕಾಯಿಲೆ ಎಂದರು. ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಮೂರು ಆಸ್ಪತ್ರೆಗಳಲ್ಲಿದ್ದ ಸ್ಕಿಜೋಫ್ರೇನಿಯಾ ಪೀಡಿತ ಮಹಿಳೆಯರನ್ನು ವರ್ಷಗಳ ಕಾಲ ಗಮನಿಸಿ 1970ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುರಾವೆ ಒದಗಿಸಿತು. ಅವರು ಲೆಕ್ಕ ಹಾಕಿದ್ದು ತೀರಾ ಸಣ್ಣ ಸಂಗತಿಗಳನ್ನು. ಈಕೆಗೆ ಸ್ವಂತದ್ದು ಎನ್ನಲು ಏನೇನಿದೆ? ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಕನ್ನಡಿಯಂಥ ವಸ್ತುಗಳಾದರೂ ಇವೆಯೇ? ದಿನದಲ್ಲಿ ಎಷ್ಟು ಹೊತ್ತು ಏನೂ ಮಾಡದೆ ಸುಮ್ಮನೆ ಕೂರುತ್ತಾಳೆ? ಸುಮ್ಮನೆ ಕೂರುವ ಹೊತ್ತು ಕಡಿಮೆಯಾದ ಕಡೆ ರೋಗಿಗಳು ಚೇತರಿಸಿಕೊಂಡರು. ಅವರು ಕಂಡ ಅತ್ಯಂತ ಬಲವಾದ ನಂಟು ಇದೇ.

ಬೆಳಗಿನ ಚಹಾವನ್ನೇ ತೆಗೆದುಕೊಳ್ಳಿ. ದೊಡ್ಡ ಆಸ್ಪತ್ರೆಯಲ್ಲಿ ಅದು ಬರುವುದು ದೊಡ್ಡ ಪಾತ್ರೆಯಲ್ಲಿ, ಹಾಲು ಸಕ್ಕರೆ ಮೊದಲೇ ಬೆರೆತು, ಗೊತ್ತುಮಾಡಿದ ಹೊತ್ತಿಗೆ. ‘ನನಗೆ ಸಕ್ಕರೆ ಬೇಡ’ ಎನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ಹತ್ತು ವರ್ಷ ಹೀಗೆ ಕುಡಿದ ಮೇಲೆ ತನಗೆ ಸಕ್ಕರೆ ಎಷ್ಟಿದ್ದರೆ ಇಷ್ಟ ಎನ್ನುವುದೇ ಮರೆತುಹೋಗುತ್ತದೆ. ಅದೇ ವ್ಯಕ್ತಿ ಸಣ್ಣ ಮನೆಯೊಂದರ ಅಡುಗೆಕಟ್ಟೆಯ ಮುಂದೆ ನಿಂತಾಗ ಹಾಲು ಉಕ್ಕದಂತೆ ನೋಡಿಕೊಳ್ಳಬೇಕು, ಪುಡಿ ಎಷ್ಟು ಹಾಕಬೇಕೆಂದು ತಾನೇ ನಿರ್ಧರಿಸಬೇಕು, ಪುಡಿ ಮುಗಿದಿದ್ದರೆ ಅಂಗಡಿಗೆ ಹೋಗಬೇಕು, ಚಿಲ್ಲರೆ ಎಣಿಸಿಕೊಳ್ಳಬೇಕು, ‘ನಿಮಗೂ ಒಂದು ಲೋಟ ಮಾಡಲಾ?’ ಎಂದು ಜೊತೆಯವರನ್ನು ಕೇಳಬೇಕು. ಒಂದು ಲೋಟ ಚಹಾದಲ್ಲಿ ಇಷ್ಟೊಂದು ನಿರ್ಧಾರಗಳಿವೆ, ಒಂದು ಸಂಬಂಧವೂ ಇದೆ. ವಾರ್ಡು ಇವನ್ನೆಲ್ಲ ನಮ್ಮ ಪರವಾಗಿ ತಾನೇ ಮಾಡಿಬಿಡುತ್ತದೆ. ಕಾಳಜಿಯ ಹೆಸರಿನಲ್ಲಿ ನಡೆಯುವ ಈ ಕಸಿದುಕೊಳ್ಳುವಿಕೆ ಕಣ್ಣಿಗೆ ಬೀಳುವುದಿಲ್ಲ. ಹೊಡೆತವಾಗಲಿ ಸರಪಳಿಯಾಗಲಿ ಇಲ್ಲದ ಒಳ್ಳೆಯ ಆಸ್ಪತ್ರೆಯಲ್ಲೂ ಇದು ನಡೆಯುತ್ತದೆ.

ಹಾಗಾಗಿಯೇ ಲೆಫ್ ಅವರ ತಂಡ ಆಸ್ಪತ್ರೆಯಲ್ಲೂ ಹೊಸ ಮನೆಗಳಲ್ಲೂ ಎಷ್ಟೆಷ್ಟು ಕಟ್ಟುಪಾಡುಗಳಿವೆ ಎಂದು ಪಟ್ಟಿ ಮಾಡಿ ಎಣಿಸಿತು. ಮನೆಗಳಲ್ಲಿ ಅವು ಬಹಳ ಕಡಿಮೆ ಇದ್ದವು. ಜೀವನದ ಗುಣಮಟ್ಟ ಎಂಬ ದೊಡ್ಡ ಮಾತನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕ ದಾರಿ ಬೇರೆ ಕಾಣುವುದಿಲ್ಲ.

ನೆರೆಯವರ ಪಾಲು

ಬೀದಿಯಲ್ಲಿ ಮನೆ ಸಿಕ್ಕ ಮಾತ್ರಕ್ಕೆ ಬೀದಿಯವರಾಗುವುದಿಲ್ಲ. ದಕ್ಷಿಣ ಲಂಡನ್ನಿನಲ್ಲಿ ಇಂಥ ಎರಡು ಮನೆಗಳು ತೆರೆಯುವಾಗ ನಡೆದ ಪ್ರಯೋಗವೊಂದು ಇಲ್ಲಿ ನೆನೆಯಬೇಕಾದದ್ದು. ಒಂದು ಪ್ರದೇಶದಲ್ಲಿ ನೆರೆಹೊರೆಯವರನ್ನು ಮೊದಲೇ ಕಂಡು ಮಾತಾಡಿದರು, ಕಾಯಿಲೆಯ ಬಗ್ಗೆ ಮಾಹಿತಿ ಕೊಟ್ಟರು, ವಿಡಿಯೊ ತೋರಿಸಿದರು, ಹೊಸದಾಗಿ ಬಂದವರೊಂದಿಗೆ ಸೇರುವ ಸಂದರ್ಭಗಳನ್ನು ಏರ್ಪಡಿಸಿದರು. ಇನ್ನೊಂದು ಪ್ರದೇಶದಲ್ಲಿ ಏನನ್ನೂ ಮಾಡಲಿಲ್ಲ. ಮೊದಲನೆಯ ಕಡೆ ಜನರ ಭಯ ಇಳಿಯಿತು, ನಮಸ್ಕಾರ ವಿನಿಮಯ ಸ್ನೇಹದವರೆಗೂ ಬೆಳೆಯಿತು. ಎರಡನೆಯ ಕಡೆ ಅಂಥದ್ದೇನೂ ಆಗಲಿಲ್ಲ. ಸೂಕ್ಷ್ಮ ಇರುವುದು ಇಲ್ಲಿ: ಕಾಯಿಲೆಯ ಬಗ್ಗೆ ಜನರ ತಿಳಿವಳಿಕೆ ಹೆಚ್ಚಿದ್ದು ಅಲ್ಪವೇ. ಮನಸ್ಸು ಬದಲಾದದ್ದು ಮುಖಾಮುಖಿ ಒಡನಾಟದಿಂದ.

1996ರಲ್ಲಿ ಈ ಪ್ರಯೋಗದ ವರದಿಯನ್ನು ಬರೆದವರಲ್ಲಿ ಒಬ್ಬರು ಭಾರತದ ಮನೋವೈದ್ಯ ಸೌಮಿತ್ರ ಪಠಾರೆ. ಪುಣೆಯಲ್ಲಿ ಮಾನಸಿಕ ಆರೋಗ್ಯ ಕಾನೂನಿನ ಕೇಂದ್ರವನ್ನು ಮುನ್ನಡೆಸಿದ ಅವರು ಮುಂದೆ ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕರಡು ರೂಪಿಸುವುದರಲ್ಲೂ ಕೈಜೋಡಿಸಿದರು. ಲಂಡನ್ನಿನ ಆ ಬೀದಿಗಳಿಗೂ ನಮ್ಮ ಕಾನೂನಿಗೂ ಹೀಗೊಂದು ನಂಟಿದೆ.

ಬಾಗಿಲು ತೆರೆದರಷ್ಟೇ ಸಾಲದು

ಆಸ್ಪತ್ರೆ ಮುಚ್ಚಿದ ಎಲ್ಲ ಕಡೆಯೂ ಕಥೆ ಸುಖಾಂತವಾಗಲಿಲ್ಲ. ಅಮೆರಿಕದಲ್ಲಿ 1955ರ ಹೊತ್ತಿಗೆ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. 1963ರಲ್ಲಿ ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾಯ್ದೆಗೆ ಸಹಿ ಹಾಕಿದರು. ಹಾಸಿಗೆಗಳು ವೇಗವಾಗಿ ಖಾಲಿಯಾದವು, ಆದರೆ ಭರವಸೆ ಕೊಟ್ಟಷ್ಟು ಕೇಂದ್ರಗಳು ತಲೆಯೆತ್ತಲೇ ಇಲ್ಲ. ಮನೆಯೂ ಇಲ್ಲ, ನೆರವೂ ಇಲ್ಲ ಎಂದಾದ ಸಾವಿರಾರು ಮಂದಿ ನರ್ಸಿಂಗ್ ಹೋಮು, ಪಾದಚಾರಿ ಮಾರ್ಗ, ಕೊನೆಗೆ ಜೈಲು ಸೇರಿದರು. ಆಸ್ಪತ್ರೆಯ ಖರ್ಚು ಉಳಿಸುವುದೇ ಗುರಿಯಾದಾಗ ಆಗುವುದು ಹೀಗೆಯೇ.

ಲಂಡನ್ನಿನಲ್ಲಿ ಹಣ ರೋಗಿಯನ್ನು ಹಿಂಬಾಲಿಸಿತು. ಆಸ್ಪತ್ರೆ ನಡೆಸಲು ಬೇಕಾಗುತ್ತಿದ್ದ ಮೊತ್ತ ಮನೆಗಳ ಬಾಡಿಗೆ, ಸಿಬ್ಬಂದಿಗೆ ಹೋಯಿತು. ಅರ್ಥಶಾಸ್ತ್ರಜ್ಞ ಮಾರ್ಟಿನ್ ನ್ಯಾಪ್ ಅವರ ತಂಡ ಲೆಕ್ಕ ಹಾಕಿದಾಗ ಒಟ್ಟು ಖರ್ಚು ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಅಷ್ಟೇ ದುಡ್ಡಿಗೆ ಮೊದಲಿಗಿಂತ ಎಷ್ಟೋ ಒಳ್ಳೆಯ ಬದುಕು ದೊರೆತಿತ್ತು.

ಆದರೂ ಕಳೆದುಕೊಂಡದ್ದೇನೂ ಇಲ್ಲ ಎನ್ನಲಾಗದು. ಇತಿಹಾಸಕಾರ್ತಿ ಬಾರ್ಬರಾ ಟೇಲರ್ ಫ್ರೈಯರ್ನ್‌ನ ಕೊನೆಯ ವರ್ಷಗಳಲ್ಲಿ ಅಲ್ಲಿ ರೋಗಿಯಾಗಿದ್ದವರು. 2014ರಲ್ಲಿ ಪ್ರಕಟವಾದ ‘ದಿ ಲಾಸ್ಟ್ ಅಸೈಲಮ್’ ಎಂಬ ಪುಸ್ತಕದಲ್ಲಿ ಅವರು ಆ ಕಟ್ಟಡದ ಕೊಳಕು, ಭಯಗಳನ್ನು ಮುಚ್ಚಿಡುವುದಿಲ್ಲ. ಜೊತೆಗೇ ಅಲ್ಲಿ ಸಿಕ್ಕ ಸಹರೋಗಿಗಳ ಸ್ನೇಹ, ಕುಸಿದುಬಿದ್ದಾಗ ತಲೆಯಿಡಲು ಇದ್ದ ಆಸರೆ, ಆಮೇಲೆ ಕೈಹಿಡಿದ ಹಗಲು ಕೇಂದ್ರಗಳು ಒಂದೊಂದಾಗಿ ಮುಚ್ಚಿದ್ದು ಇವುಗಳ ಬಗೆಗೂ ನೋವಿನಿಂದ ಬರೆಯುತ್ತಾರೆ. ಒಂಟಿ ಫ್ಲ್ಯಾಟಿನಲ್ಲಿ ದಿನವಿಡೀ ಟಿವಿ ಮುಂದೆ ಕೂರಿಸುವ ಆರೈಕೆ ಹೊಸ ವಿಳಾಸದ ಹಳೆಯ ವಾರ್ಡೇ. ಆರು ಗಂಟೆಗೆ ಊಟ, ಏಳಕ್ಕೆ ದೀಪ ಆರಿಸು ಎನ್ನುವ ‘ಹೋಮ್’ ಕೂಡ ಅಷ್ಟೇ.

ಕಾಯ್ದೆ ಕೊಟ್ಟ ಹಕ್ಕು, ಸಿಗದ ಮನೆ

ಭಾರತದ ಕಥೆಗೆ ಬರೋಣ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿಯಾಗಿದ್ದ ರೋಗಿಗಳು ತಪ್ಪಿಸಿಕೊಳ್ಳಲಾಗದೆ ಸತ್ತರು. 28 ಜೀವಗಳು ಹೋದವು. ದೇಶ ಬೆಚ್ಚಿತು. ಬದಲಾವಣೆ ಮಾತ್ರ ನಿಧಾನವಾಗಿ ಬಂತು. ಉತ್ತರ ಪ್ರದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಡಿಸ್ಚಾರ್ಜ್ ಆಗಬಹುದಾದವರೂ ಹೋಗಲು ಜಾಗವಿಲ್ಲದೆ ಕೊಳೆಯುತ್ತಿದ್ದಾರೆ ಎಂದು ವಕೀಲ ಗೌರವ್ ಕುಮಾರ್ ಬನ್ಸಲ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಇಂಥವರಿಗೆ ವಸತಿ ಕಲ್ಪಿಸುವ ಬಗ್ಗೆ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ನ್ಯಾಯಾಲಯ 2017ರಲ್ಲಿ ರಾಜ್ಯಗಳಿಗೆ ಸೂಚಿಸಿತು.

ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಇನ್ನೂ ಸ್ಪಷ್ಟ. ಮಾನಸಿಕ ಕಾಯಿಲೆ ಇರುವ ಪ್ರತಿಯೊಬ್ಬರಿಗೂ ಸಮಾಜದಲ್ಲಿ ಬಾಳುವ, ಅದರ ಭಾಗವಾಗಿರುವ ಹಕ್ಕಿದೆ. ಕುಟುಂಬ ಇಲ್ಲ, ಕುಟುಂಬದವರು ಒಪ್ಪುತ್ತಿಲ್ಲ, ಮನೆಯಿಲ್ಲ, ಸಮುದಾಯದಲ್ಲಿ ಬೇರೆ ವ್ಯವಸ್ಥೆಯಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಆಸ್ಪತ್ರೆಗೂ ಮನೆಗೂ ನಡುವಿನ ತಂಗುದಾಣವಾದ ಹಾಫ್‌ವೇ ಹೋಮ್, ಗುಂಪು ಮನೆಗಳಂಥ ವ್ಯವಸ್ಥೆಗೆ ಸರ್ಕಾರವೇ ಹೊಣೆ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿಯೂ ಹೇಳುವುದು ಇದನ್ನೇ: ಎಲ್ಲಿ, ಯಾರ ಜೊತೆ ಬಾಳಬೇಕು ಎಂಬ ಆಯ್ಕೆ ಆ ವ್ಯಕ್ತಿಯದು.

ನೆಲದ ವಾಸ್ತವ? ದೇಶದ 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ಸಮೀಕ್ಷಿಸಿ 2019ರಲ್ಲಿ ಹೊರಬಂದ ವರದಿಯ ಪ್ರಕಾರ ಅಲ್ಲಿದ್ದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನ ಒಂದು ವರ್ಷ ಮೀರಿ ಉಳಿದವರು. ಅಂಥವರ ಸಂಖ್ಯೆ ಸುಮಾರು 4,900. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರು. ಗಂಡನಿಗೆ ಕಾಯಿಲೆ ಬಂದರೆ ಹೆಂಡತಿ ನೋಡಿಕೊಳ್ಳುತ್ತಾಳೆ. ಹೆಂಡತಿಗೆ ಬಂದರೆ ತವರಿಗೆ ಅಟ್ಟುವವರು, ತವರೂ ಕೈಬಿಟ್ಟಾಗ ಆಸ್ಪತ್ರೆಗೆ ಸೇರಿಸಿ ವಿಳಾಸ ಬದಲಿಸುವವರು ಇದ್ದಾರೆ.

ಭರವಸೆ ಕೊಡುವ ಕೆಲಸ ನಮ್ಮ ನೆರೆಯ ಚೆನ್ನೈಯಲ್ಲೇ ನಡೆದಿದೆ. ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಕಟ್ಟಿದ ‘ದಿ ಬ್ಯಾನಿಯನ್’ ಸಂಸ್ಥೆ ಬೀದಿಯಲ್ಲಿ ಅಲೆಯುತ್ತಿದ್ದ ಮಾನಸಿಕ ಅಸ್ವಸ್ಥ ಮಹಿಳೆಯರಿಗೆ ಆಸರೆಯಾಯಿತು. ಮನೆಗೆ ಮರಳಲಾಗದೆ ಸಂಸ್ಥೆಯಲ್ಲೇ ವರ್ಷಗಟ್ಟಲೆ ಉಳಿದವರಿಗಾಗಿ ‘ಹೋಮ್ ಅಗೇನ್’ ಎಂಬ ಯೋಜನೆಯನ್ನು ಅದು ರೂಪಿಸಿತು. ಊರು ಕೇರಿಯ ನಡುವೆ ಒಂದು ಬಾಡಿಗೆ ಮನೆ. ಅದರಲ್ಲಿ ನಾಲ್ಕೈದು ಜನ, ಜೊತೆಗೊಬ್ಬ ಸಹಾಯಕಿ. ಈಕೆ ಡಾಕ್ಟರಲ್ಲ, ನರ್ಸೂ ಅಲ್ಲ. ತರಬೇತಿ ಪಡೆದ ಸಾಮಾನ್ಯ ಹೆಣ್ಣುಮಗಳು. ಯಾರ ಜೊತೆ ಮನೆ ಹಂಚಿಕೊಳ್ಳಬೇಕು ಎನ್ನುವುದನ್ನು ವಾಸಿಸುವವರೇ ಆರಿಸಿಕೊಳ್ಳುತ್ತಾರೆ. ಏನು ಅಡುಗೆ, ಯಾವ ಹಬ್ಬ, ಸಂತೆಗೆ ಯಾರು ಎನ್ನುವುದೆಲ್ಲ ಅವರವರ ನಡುವೆಯೇ ತೀರ್ಮಾನ. ಹದಿನೆಂಟು ತಿಂಗಳ ಕಾಲ ಇವರನ್ನು ಸಂಸ್ಥೆಯೊಳಗೇ ಉಳಿದವರ ಜೊತೆ ಹೋಲಿಸಿ ನೋಡಿದಾಗ ಮನೆಗಳಲ್ಲಿದ್ದವರು ಸಮುದಾಯದೊಂದಿಗೆ ಹೆಚ್ಚು ಬೆರೆತಿದ್ದರು. ಕೇರಳ, ಅಸ್ಸಾಂ, ಮಹಾರಾಷ್ಟ್ರಗಳಿಗೂ ಈ ಮಾದರಿ ಹರಡಿದೆ.

ನಮ್ಮಲ್ಲಿ ಏನಿದೆ, ಏನಿಲ್ಲ

ಬೆಂಗಳೂರು, ಧಾರವಾಡಗಳಲ್ಲಿ ಮಾನಸಿಕ ಆಸ್ಪತ್ರೆಗಳು ಹುಟ್ಟಿದ್ದು ಕೋಲ್ನಿ ಹ್ಯಾಚ್ ಕಟ್ಟಿದ ಆಸುಪಾಸಿನಲ್ಲೇ, 19ನೇ ಶತಮಾನದ ನಡುಭಾಗದಲ್ಲಿ. ಅವು ಇಂದು ನಿಮ್ಹಾನ್ಸ್ ಮತ್ತು ಡಿಮ್ಹಾನ್ಸ್. ಸಮುದಾಯದ ಆರೈಕೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಹೇಳಬೇಕು. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಮನೆಮನೆಗೆ ಹೋಗಿ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟದ್ದು ಅವರು ಮತ್ತೆ ದೈನಂದಿನ ಕೆಲಸಗಳಿಗೆ ಮರಳಲು ನೆರವಾಯಿತು. ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್‌ಗಳು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೇ ಕರೆತಂದವು. ಬೆಂಗಳೂರಿನ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, ಲಂಡನ್ ಬಳಿ ಹುಟ್ಟಿ ಇಲ್ಲಿಗೂ ಬಂದ ರಿಚ್ಮಂಡ್ ಫೆಲೋಶಿಪ್ ಸೊಸೈಟಿಗಳು ಹಾಫ್‌ವೇ ಹೋಮ್ ಎಂಬ ಮಾತು ಯಾರಿಗೂ ಗೊತ್ತಿಲ್ಲದ ದಿನಗಳಿಂದ ಈ ಕೆಲಸ ಮಾಡುತ್ತಿವೆ.

ಈ ಎಲ್ಲ ಕಾರ್ಯಕ್ರಮಗಳೂ ನಂಬಿರುವುದು ಕುಟುಂಬವನ್ನು. ಅದರಲ್ಲಿ ತಪ್ಪಿಲ್ಲ. ಜೂಲಿಯನ್ ಲೆಫ್ ಅವರೇ ಚಂಡೀಗಢದ ಮನೋವೈದ್ಯ ಎನ್.ಎನ್. ವಿಗ್ ಅವರ ಜೊತೆ ನಡೆಸಿದ ಅಧ್ಯಯನದಲ್ಲಿ ಲಂಡನ್ನಿನ ಕುಟುಂಬಗಳಿಗಿಂತ ಚಂಡೀಗಢದ ಕುಟುಂಬಗಳು ರೋಗಿಯನ್ನು ಹಳಿಯುವುದು, ಚುಚ್ಚುವುದು ಕಡಿಮೆ ಎಂದು ಕಂಡುಬಂತು. ಅದು ರೋಗಿಗೆ ಒಳಿತನ್ನೇ ಮಾಡಿತ್ತು. ನಿಮ್ಹಾನ್ಸ್‌ನಲ್ಲಿ ರೋಗಿಯ ಜೊತೆ ಮನೆಯವರೂ ಉಳಿಯುವ ವ್ಯವಸ್ಥೆ ಇರುವುದು ಈ ಬಲವನ್ನು ನಂಬಿಯೇ. ಆದರೆ ಮನೆಯವರ ಹೆಗಲಿಗೂ ಮಿತಿಯಿದೆ. ‘ನಾವು ಹೋದ ಮೇಲೆ ಇವನ ಗತಿ ಏನು?’ ಎಂದು ವೈದ್ಯರೆದುರು ಕಣ್ಣೀರಿಡುವ ಎಪ್ಪತ್ತರ ಅಪ್ಪ ಅಮ್ಮಂದಿರು ಪ್ರತಿ ಹೊರರೋಗಿ ವಿಭಾಗದಲ್ಲೂ ಸಿಗುತ್ತಾರೆ. ಅವರಿಗೆ ಕೊಡಲು ನಮ್ಮಲ್ಲಿ ಇನ್ನೂ ಉತ್ತರವಿಲ್ಲ. ಇರುವ ಮನೆಗಳು ಕೆಲವೇ, ಅವೂ ಹೆಚ್ಚಾಗಿ ಬೆಂಗಳೂರಿನಲ್ಲಿ, ಖರ್ಚು ಭರಿಸಬಲ್ಲವರಿಗೆ.

ಮನೆಯ ಜೊತೆ ಕಾಗದಪತ್ರವೂ ಬೇಕು. ವರ್ಷಗಟ್ಟಲೆ ಒಳಗಿದ್ದು ಬಂದವರ ಬಳಿ ಆಧಾರ್ ಇರುವುದಿಲ್ಲ. ಅದಿಲ್ಲದೆ ಬ್ಯಾಂಕ್ ಖಾತೆ, ಅಂಗವಿಕಲರ ಪಿಂಚಣಿ, ರೇಷನ್ ಪಡೆಯುವುದು ಕಷ್ಟ. ಪಿಂಚಣಿಯ ಸಣ್ಣ ಮೊತ್ತವಾದರೂ ತನ್ನ ಹೆಸರಿನ ಖಾತೆಗೆ ಬಂದರೆ ಮನೆಯಲ್ಲಿ ಆ ವ್ಯಕ್ತಿಯ ಮಾತಿಗೆ ತೂಕ ಬರುತ್ತದೆ. 2019ರ ಲೋಕಸಭಾ ಚುನಾವಣೆಯಲ್ಲಿ ಚೆನ್ನೈಯ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯ ನೂರೈವತ್ತಕ್ಕೂ ಹೆಚ್ಚು ನಿವಾಸಿಗಳು ಮತ ಹಾಕಿದರು. ಗುರುತಿನ ಚೀಟಿಯೊಂದು ರೋಗಿಯನ್ನು ಪ್ರಜೆಯನ್ನಾಗಿಸುವುದು ಹೀಗೆ.

ನಾವು ಕೇಳಬೇಕಾದ ಪ್ರಶ್ನೆಗಳು

ಇಂಥ ಮನೆ ಅಥವಾ ಕೇಂದ್ರವೊಂದಕ್ಕೆ ತಪಾಸಣೆಗೆ ಹೋಗುವ ಅಧಿಕಾರಿ ಹಾಸಿಗೆ ಎಣಿಸುತ್ತಾರೆ, ಶೌಚಾಲಯ ನೋಡುತ್ತಾರೆ, ಔಷಧದ ರಿಜಿಸ್ಟರ್ ತಿರುವುತ್ತಾರೆ. ಇವೆಲ್ಲ ಬೇಕು. ಜೊತೆಗೆ ಅಲ್ಲಿ ವಾಸಿಸುವವರನ್ನೇ ಕೂರಿಸಿಕೊಂಡು ಕೇಳಬೇಕಾದದ್ದು ಬೇರೆ ಇದೆ. ಮನೆಯ ಬೀಗದ ಕೈ ನಿಮ್ಮ ಬಳಿ ಇದೆಯೇ? ಪಕ್ಕದ ಮಂಚದವರನ್ನು ಆರಿಸಿಕೊಂಡದ್ದು ನೀವೇನಾ? ಇವತ್ತು ಏನು ಅಡುಗೆ ಎಂದು ಯಾರು ಹೇಳಿದರು? ಹೋದ ವಾರ ಒಬ್ಬರೇ ಎಲ್ಲಿಗಾದರೂ ಹೋಗಿದ್ದಿರಾ? ನಿಮ್ಮನ್ನು ನೋಡಲು ಯಾರಾದರೂ ಬರುತ್ತಾರೆಯೇ? ಮೈಗೆ ಹುಷಾರಿಲ್ಲದಾಗ ಡಾಕ್ಟರು ನಿಮ್ಮ ಮಾತು ಕೇಳುತ್ತಾರೋ, ‘ಇದೂ ಮನಸ್ಸಿನದ್ದೇ’ ಎಂದು ಕಳಿಸುತ್ತಾರೋ? ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ ಹತ್ತು ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆ. ಅದಕ್ಕೆ ಬಹುಮಟ್ಟಿಗೆ ಕಾರಣ ಯಾರೂ ಗಮನಿಸದ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಗಳು. ಕೊನೆಯ ಪ್ರಶ್ನೆ ಅದಕ್ಕಾಗಿ.

ಆಗಬೇಕಾದ ಕೆಲಸ ದೊಡ್ಡ ಕಟ್ಟಡ ಕಟ್ಟುವುದಲ್ಲ. ಜಿಲ್ಲೆಗೆ ನಾಲ್ಕೋ ಐದೋ ಬಾಡಿಗೆ ಮನೆಗಳಿಂದ ಶುರುಮಾಡಬಹುದು. ಹಳ್ಳಿಯ, ಪಟ್ಟಣದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಸರಿಯಾದ ಸಂಬಳಕ್ಕೆ ಸಹಾಯಕಿಯರನ್ನಾಗಿ ನೇಮಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ತಂಡ ವಾರಕ್ಕೊಮ್ಮೆ ಭೇಟಿ ಕೊಡಬಹುದು. ‘ಅಂಥವರಿಗೆ ಮನೆ ಕೊಡೋದಿಲ್ಲ’ ಎನ್ನುವ ಮಾಲೀಕರ ಮನೆಬಾಗಿಲಿಗೆ ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು ಮೊದಲೇ ಹೋಗಿ ಮಾತಾಡಬಹುದು. ದಕ್ಷಿಣ ಲಂಡನ್ನಿನ ಆ ಬೀದಿಯಲ್ಲಿ ಕೆಲಸ ಮಾಡಿದ್ದು ಇಂಥ ಮಾತುಕತೆಯೇ. ಓದುಗರ ಪಾಲಿಗೂ ಒಂದು ಕೆಲಸವಿದೆ. ನಿಮ್ಮ ಬೀದಿಗೆ ಇಂಥ ಮನೆಯೊಂದು ಬಂದರೆ ಬೇಡ ಎಂದು ಅರ್ಜಿ ಬರೆಯುವವರ ಸಾಲಿನಲ್ಲಿ ನಿಲ್ಲಬೇಡಿ. ಹೋಗಿ ಪರಿಚಯ ಮಾಡಿಕೊಳ್ಳಿ, ಹಬ್ಬಕ್ಕೆ ಕರೆಯಿರಿ, ಅವರು ಕರೆದರೆ ಹೋಗಿ ಊಟ ಮಾಡಿ ಬನ್ನಿ.

ಹಕ್ಕು ಕಾಯ್ದೆಯಲ್ಲಿದೆ, ದಾರಿ ಲಂಡನ್ನಿನಲ್ಲೂ ಚೆನ್ನೈಯಲ್ಲೂ ಸವೆದಿದೆ, ಕೆಲಸ ಬಲ್ಲ ಸಂಸ್ಥೆಗಳು ನಮ್ಮ ರಾಜ್ಯದಲ್ಲೇ ಇವೆ. ಕಾಯಿಲೆ ವಾಸಿಯಾಗುವ ದಿನಕ್ಕೆ ಕಾಯುವ ನೆಪ ಇನ್ನು ಸಾಕು. ಮೊದಲ ಬಾಡಿಗೆ ಮನೆಗಳ ಕರಾರುಪತ್ರಕ್ಕೆ ಸಹಿ ಹಾಕಲು ಬೇಕಾದ ಹಣವನ್ನು ರಾಜ್ಯ ಸರ್ಕಾರ ಮುಂದಿನ ಬಜೆಟ್ಟಿನಲ್ಲೇ ತೆಗೆದಿಡಬೇಕು.